ಅಂಗಡಿ ಲೈಟಲ್ಲಿ ಒಂದು ಬಣ್ಣ, ಮನೆಗೆ ಬಂದ್ರೆ ಇನ್ನೊಂದು: ನಿಮಗೊಪ್ಪುವ ಬಟ್ಟೆ ಆರಿಸೋದು ಹೇಗೆ?

ಹುಣಸೂರು: ಹೊಗೆಸೊಪ್ಪಿನ ಬಿಲ್ ಕೈಗೆ ಬಂತು ಅಂದ್ರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಕಡೆ ಬಟ್ಟೆ ಅಂಗಡಿಗಳಲ್ಲಿ ಕಾಲಿಡೋಕೆ ಜಾಗ ಇರಲ್ಲ. ಕೆ.ಆರ್.ನಗರದಲ್ಲಿ ಭತ್ತದ ಕಟಾವು ಮುಗಿದು ಸಂಕ್ರಾಂತಿ, ಚುಂಚನಕಟ್ಟೆ ಜಾತ್ರೆ ಹತ್ತಿರ ಬಂದಾಗ ಅದೇ ಕಥೆ. ಆಮೇಲೆ ಮದುವೆ ಸೀಸನ್. ವರ್ಷದ ಬಟ್ಟೆ ಖರ್ಚಿನ ದೊಡ್ಡ ಪಾಲು ಈ ನಾಲ್ಕೈದು ತಿಂಗಳಲ್ಲೇ ಆಗಿಹೋಗುತ್ತೆ. ಮನೆ ಮಂದಿಗೆಲ್ಲ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಬಸ್ ಹೊತ್ತು ಮೀರುತ್ತೆ ಅನ್ನೋ ಅವಸರದಲ್ಲಿ ತಗೊಳ್ಳೋದು. ಹಾಗೆ ತಂದ ಬಟ್ಟೆಗಳಲ್ಲಿ ಎಷ್ಟೋ ಒಂದೆರಡು ಸಲ ಮೈಮೇಲೆ ಬಂದು ಬೀರುವಿನ ಮೂಲೆ ಸೇರುತ್ತವೆ. ಕಾರಣ ಕೇಳಿದ್ರೆ ಉತ್ತರ ಒಂದೇ: "ಅಂಗಡಿಯಲ್ಲಿ ಚೆನ್ನಾಗಿ ಕಾಣ್ತಿತ್ತು, ಮನೆಗೆ ಬಂದ್ಮೇಲೆ ಯಾಕೋ ಒಪ್ಪಲಿಲ್ಲ."

ಒಪ್ಪೋದು, ಒಪ್ಪದೇ ಇರೋದು ಅದೃಷ್ಟದ ವಿಷಯ ಅಲ್ಲ. ಬೆಳಕು, ಶೇಡ್, ಬಟ್ಟೆಯ ಗುಣ, ಅಳತೆ, ನೀವು ಮಾಡೋ ಕೆಲಸ ಇವಿಷ್ಟನ್ನು ನೋಡಿ ತಗೊಂಡ್ರೆ ತಪ್ಪೋ ಸಾಧ್ಯತೆ ಕಡಿಮೆ. ಈ ಪಟ್ಟಿಯಲ್ಲಿ ಮೈಬಣ್ಣ ಯಾಕಿಲ್ಲ ಅಂತ ಕೇಳ್ತೀರಾ? ಅಲ್ಲಿಂದಲೇ ಶುರು ಮಾಡೋಣ.

"ಈ ಕಲರ್ ನಿಮ್ಗೆ ಬೇಡ ಅಕ್ಕ"

ಹೆಣ್ಣುಮಗಳೊಬ್ಬಳು ಅರಿಶಿನ ಬಣ್ಣದ ಸೀರೆ ಕೈಗೆತ್ತಿಕೊಳ್ತಾಳೆ. ಕೌಂಟರ್ ಆಚೆಯಿಂದ ಮಾತು ಬರುತ್ತೆ: "ಅದು ಸ್ವಲ್ಪ ಬೆಳ್ಳಗಿರೋರಿಗೆ ಅಕ್ಕ, ನಿಮ್ಗೆ ಲೈಟ್ ಕಲರ್ ತೋರಿಸ್ತೀನಿ." ಜೊತೆಯಲ್ಲಿ ಬಂದ ಅತ್ತೆಯೋ ಚಿಕ್ಕಮ್ಮನೋ ಹೂಂ ಅಂತಾರೆ. ಆ ಹುಡುಗಿ ಸೀರೆ ಕೆಳಗಿಡ್ತಾಳೆ. ಮುಂದೆ ಜೀವನಪೂರ್ತಿ ಆ ಬಣ್ಣದ ಹತ್ತಿರ ಹೋಗಲ್ಲ. ಗಂಡುಮಕ್ಕಳಿಗೂ ಇದು ತಪ್ಪಿದ್ದಲ್ಲ. "ಕಪ್ಪಗಿದ್ದೀಯ, ಬಿಳಿ ಶರ್ಟ್ ಹಾಕಿದ್ರೆ ಎದ್ದು ಕಾಣ್ತೀಯ" ಅಂತ ಗೆಳೆಯರು ನಗಾಡಿದ್ದಕ್ಕೆ ಬಿಳಿ ಶರ್ಟನ್ನೇ ಬಿಟ್ಟವರು ಇದ್ದಾರೆ.

ಈ ಮಾತಿಗೆ ಬುಡ ಇಲ್ಲ. ನಮ್ಮ ಹಿರಿಯರು ಕೃಷ್ಣನನ್ನು ಮೋಡದ ಮೈಬಣ್ಣದವನು ಅಂದರು, ಅವನಿಗೆ ಉಡಿಸಿದ್ದು ಪೀತಾಂಬರ, ಅಂದರೆ ಹಳದಿ ರೇಷ್ಮೆ. ಶ್ಯಾಮಲ ವರ್ಣಕ್ಕೆ ಗಾಢ ಹಳದಿ ಎಷ್ಟು ಚೆಂದ ಅನ್ನೋದು ಅವರಿಗೆ ಗೊತ್ತಿತ್ತು. ಕಪ್ಪು ಅಥವಾ ಗೋಧಿ ಮೈಬಣ್ಣದ ಮೇಲೆ ಕೆಂಪು, ಹಳದಿ, ಗಿಳಿ ಹಸಿರು, ನೇರಳೆ, ಅಚ್ಚ ಬಿಳಿ ಇವೆಲ್ಲ ತುಂಬಿಕೊಂಡು ಕಾಣ್ತವೆ. ಬಿಳಿ ಮೈಬಣ್ಣದವರು ಇದೇ ಬಣ್ಣ ಹಾಕಿದಾಗ ಕೆಲವೊಮ್ಮೆ ಬಟ್ಟೆಯೇ ಮುಂದೆ ಬಂದು ಮುಖ ಹಿಂದೆ ಸರಿಯುತ್ತೆ.

ಬೆಳ್ಳಗಿದ್ದರೇ ಚೆಂದ ಅನ್ನೋ ಮಾತನ್ನು ದಶಕಗಟ್ಟಲೆ ಮಾರಿದ ಮುಖದ ಕ್ರೀಮೇ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಪದ ತೆಗೆದು 'ಗ್ಲೋ ಅಂಡ್ ಲವ್ಲಿ' ಆಯ್ತು. ನಮ್ಮ ಕೌಂಟರ್‌ಗಳಲ್ಲಿ ಆ ಮಾತು ಇನ್ನೂ ನಡೀತಾ ಇದೆ. ಮೈಬಣ್ಣದ ಬಗ್ಗೆ ಯಾರಾದರೂ ಸಲಹೆ ಕೊಟ್ರೆ ಒಂದೇ ಉತ್ತರ ಸಾಕು: "ಅದನ್ನೇ ಬಿಚ್ಚಿ ತೋರಿಸಿ, ಹೊರಗೆ ಬೆಳಕಲ್ಲಿ ನೋಡ್ತೀನಿ."

ಒಪ್ಪದೇ ಇರೋದು ಬಣ್ಣ ಅಲ್ಲ, ಶೇಡ್

"ನನಗೆ ಹಸಿರು ಒಪ್ಪಲ್ಲ" ಅನ್ನೋರನ್ನು ಯಾವ ಹಸಿರು ಅಂತ ಕೇಳಿ ನೋಡಿ. ಗಿಳಿ ಹಸಿರು, ಎಲೆ ಹಸಿರು, ಪಾಚಿ ಹಸಿರು, ರಾಮಾ ಹಸಿರು, ಮಾವಿನ ಚಿಗುರು ಎಲ್ಲವೂ ಹಸಿರೇ. ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ.

ಬಣ್ಣಕ್ಕೆ ಮೂರು ಗುಣ ಇರ್ತವೆ. ಅದು ಯಾವ ಬಣ್ಣ (ಕೆಂಪೋ, ನೀಲಿಯೋ) ಅನ್ನೋದು ಮೊದಲನೆಯದು. ಎಷ್ಟು ತಿಳಿ, ಎಷ್ಟು ಗಾಢ ಅನ್ನೋದು ಎರಡನೆಯದು. ಎಷ್ಟು ಪ್ರಖರ, ಎಷ್ಟು ಮಂಕು ಅನ್ನೋದು ಮೂರನೆಯದು. ಕುಂಕುಮ ಮತ್ತು ಇಟ್ಟಿಗೆ ಎರಡೂ ಕೆಂಪಿನ ಮನೆಯವೇ, ಆದರೆ ಕುಂಕುಮ ಪ್ರಖರ, ಇಟ್ಟಿಗೆ ಮಂಕು. ಆನಂದ ನೀಲಿ ಮತ್ತು ನೇವಿ ಬ್ಲೂ ಎರಡೂ ನೀಲಿ, ಆದರೆ ಒಂದು ಹೊಳೆಯುತ್ತೆ, ಇನ್ನೊಂದು ಅಡಗುತ್ತೆ. ಒಂದು ಶೇಡ್ ಒಪ್ಪಲಿಲ್ಲ ಅಂತ ಇಡೀ ಬಣ್ಣವನ್ನೇ ಬಿಡಬೇಡಿ. ಅದೇ ಬಣ್ಣದಲ್ಲಿ ಇನ್ನೂ ಗಾಢ ಅಥವಾ ಇನ್ನೂ ಮಂಕು ಶೇಡ್ ಕೇಳಿ.

ನಿಮಗೊಪ್ಪೋ ಶೇಡ್ ಯಾವುದು ಅಂತ ಮನೆಯಲ್ಲೇ, ಪೈಸೆ ಖರ್ಚಿಲ್ಲದೆ ಹೀಗೆ ನೋಡಬಹುದು:

1. ಬೆಳಿಗ್ಗೆ ಹತ್ತರೊಳಗೆ ಬಾಗಿಲ ಹತ್ತಿರ, ನೇರ ಬಿಸಿಲು ಬೀಳದ ಕಡೆ ಕನ್ನಡಿ ಇಟ್ಟುಕೊಳ್ಳಿ. ಪೌಡರ್, ಕ್ರೀಮ್ ಬೇಡ.
2. ಮನೆಯಲ್ಲಿರೋ ನಾಲ್ಕೈದು ಬಣ್ಣದ ಬಟ್ಟೆ (ಟವೆಲ್, ದುಪಟ್ಟಾ, ರವಿಕೆ ಕಣ, ಏನಾದ್ರೂ ಸರಿ) ಒಂದೊಂದಾಗಿ ಗದ್ದದ ಕೆಳಗೆ ಹಿಡಿಯಿರಿ.
3. ಬಟ್ಟೆ ನೋಡಬೇಡಿ, ಮುಖ ನೋಡಿ. ಕಣ್ಣ ಕೆಳಗಿನ ಕಪ್ಪು ಜಾಸ್ತಿ ಕಾಣ್ತಾ ಇದೆಯಾ? ಮುಖ ಆಯಾಸಗೊಂಡ ಹಾಗಿದೆಯಾ? ಹಾಗಿದ್ರೆ ಆ ಶೇಡ್ ಬಿಡಿ. ಕಣ್ಣು, ಹಲ್ಲು ಹೊಳಪಾಗಿ ಕಂಡರೆ ಆ ಶೇಡ್ ನಿಮ್ಮದು.
4. ಅಚ್ಚ ಬಿಳಿ ಮತ್ತು ಕೆನೆ ಬಣ್ಣ, ಎರಡನ್ನೂ ಹಿಡಿದು ನೋಡಿ. ಕೆನೆ ಒಪ್ಪಿದರೆ ಕೇಸರಿ, ಇಟ್ಟಿಗೆ, ಪಾಚಿ ಹಸಿರಿನಂಥ ಹಳದಿ ಬೆರೆತ ಬಣ್ಣಗಳನ್ನು ಮೊದಲು ನೋಡಿ. ಅಚ್ಚ ಬಿಳಿ ಒಪ್ಪಿದರೆ ನೀಲಿ, ನೇರಳೆ, ರಾಣಿ ಪಿಂಕ್ ಕಡೆ ಮೊದಲು ನೋಡಿ. ಎರಡೂ ಒಪ್ಪಿದರೆ ಯೋಚನೆಯೇ ಬೇಡ.
5. ಒಪ್ಪಿದ್ದನ್ನು ಹಿಡಿದು ಮೊಬೈಲಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅಂಗಡಿಗೆ ಹೋದಾಗ ಶೇಡ್ ತೋರಿಸೋಕೆ ಸುಮಾರಾಗಿ ಸಾಕು.

ಒಪ್ಪದ ಬಣ್ಣ ನಿಮಗೆ ತುಂಬಾ ಇಷ್ಟವೇ? ಅದನ್ನು ಮುಖದಿಂದ ದೂರ ಇಡಿ. ಪ್ಯಾಂಟು, ಲಂಗ, ಸೀರೆಯ ಅಂಚು, ಬ್ಯಾಗಿನಲ್ಲಿ ಅದು ಇರಲಿ. ಮುಖದ ಹತ್ತಿರ ಬರೋ ಕಾಲರ್, ರವಿಕೆ, ದುಪಟ್ಟಾ ಮಾತ್ರ ಒಪ್ಪೋ ಬಣ್ಣದಲ್ಲಿದ್ರೆ ಸಾಕು.

ಬಾಗಿಲಾಚೆ ತಂದು ನೋಡಿ

ಅಂಗಡಿಯ ಬಣ್ಣ ಮನೆಯಲ್ಲಿ ಬದಲಾಗೋದಕ್ಕೆ ಬಟ್ಟೆ ಕಾರಣ ಅಲ್ಲ, ಬಲ್ಬು ಕಾರಣ. ಹಳದಿ ಬೆಳಕಲ್ಲಿ ಕೆಂಪು, ಕೇಸರಿ, ಜರಿ ಉಕ್ಕಿ ಬರುತ್ತವೆ, ನೀಲಿ ಮಂಕಾಗುತ್ತೆ. ಬಿಳಿ ಎಲ್‌ಇಡಿ ಕೆಳಗೆ ನೀಲಿ, ಹಸಿರು ಚೆನ್ನಾಗಿ ಕಾಣ್ತವೆ, ಕೆನೆ ಬಣ್ಣ ಸಪ್ಪೆಯಾಗುತ್ತೆ. ಇನ್ನೊಂದು ಫಜೀತಿ ಮ್ಯಾಚಿಂಗ್‌ನದು. ಬೇರೆ ಬೇರೆ ಡೈ ಹಾಕಿದ ಎರಡು ಬಟ್ಟೆ ಒಂದು ಬೆಳಕಿನಲ್ಲಿ ತದ್ರೂಪಿ, ಇನ್ನೊಂದು ಬೆಳಕಿನಲ್ಲಿ ಪೂರ್ತಿ ಬೇರೆ. ಮ್ಯಾಚಿಂಗ್ ಸೆಂಟರಿನಲ್ಲಿ ಸರಿಯಾಗಿ ಕೂತ ಟು ಬೈ ಟು ರವಿಕೆ ಬಟ್ಟೆ ಮದುವೆ ಮನೆಯ ಅಂಗಳದಲ್ಲಿ ಬೇರೆಯಾಗಿ ಕಾಣೋದು ಇದಕ್ಕೇ. ಸೀರೆ ಜೊತೆಗೇ ತಗೊಂಡು ಹೋಗಿ, ಕಣ ಮತ್ತು ಸೀರೆ ಎರಡನ್ನೂ ಬಾಗಿಲಿಗೆ ತಂದು ನೋಡಿ. ಕತ್ತಲಾದ ಮೇಲೆ ಮ್ಯಾಚಿಂಗ್ ಮಾಡಿಸಬೇಡಿ.

ಮದುವೆ, ಆರತಕ್ಷತೆಗೆ ಅಂತ ತಗೊಳ್ಳೋದಾದ್ರೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಉಡೋದು ಹಾಲಿನ ಲೈಟು, ವಿಡಿಯೊ ಲೈಟಿನ ಕೆಳಗೆ. ಹಾಗಾಗಿ ಹೊರಗಿನ ಬೆಳಕು, ಒಳಗಿನ ಬೆಳಕು ಎರಡರಲ್ಲೂ ನೋಡಿ. ಪಳಪಳ ಸ್ಯಾಟಿನ್ ಫೋಟೊದಲ್ಲಿ ಬೆಳಕು ಹೊಡೆದು ಬಿಳಿಚಿಕೊಳ್ಳುತ್ತೆ. ತೀರಾ ಸಣ್ಣ ಗೆರೆಯ ಶರ್ಟು ವಿಡಿಯೊದಲ್ಲಿ ಅಲೆ ಅಲೆಯಾಗಿ ನಡುಗುತ್ತೆ.

ಕೆಲಸಕ್ಕೆ ತಕ್ಕ ಬಣ್ಣ

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಅಂತ ಗಾದೆ. ಆದರೆ ವರ್ಷದ 365 ದಿನದಲ್ಲಿ ಪರರ ನೋಟಕ್ಕೆ ಉಡೋ ದಿನ ಇಪ್ಪತ್ತೋ ಮೂವತ್ತೋ. ಉಳಿದ ದಿನ ನಮ್ಮ ಕೆಲಸಕ್ಕೇ ಉಡಬೇಕು. ಅದಕ್ಕೆ ತಗೊಳ್ಳುವಾಗ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲ್ಲ.

ಹೊಗೆಸೊಪ್ಪಿನ ಕೆಲಸ: ಸೊಪ್ಪು ಮುರಿಯುವಾಗ ಅಂಟಿಕೊಳ್ಳೋ ಅಂಟು ಬಿಳಿ ಬಟ್ಟೆಯಲ್ಲಿ ಕಂದು ಕಲೆಯಾಗಿ ಉಳಿಯುತ್ತೆ. ಕಾಫಿ ಪುಡಿ ಬಣ್ಣ, ಕಡು ನೀಲಿ, ಪಾಚಿ ಹಸಿರು ಒಳ್ಳೇದು. ಬಣ್ಣಕ್ಕಿಂತ ಮುಖ್ಯವಾದದ್ದು ತೋಳು. ಮಂಜು, ಮಳೆಯಲ್ಲಿ ನೆನೆದ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕ ಮೈಗಿಳಿದು ತಲೆಸುತ್ತು, ವಾಂತಿ ತರುತ್ತೆ. ಫುಲ್ ಆರ್ಮ್ ಶರ್ಟ್ ಹಾಕಿ, ಅದು ನೆನೆದ ಕೂಡಲೇ ಬದಲಿಸಿ. ಒದ್ದೆ ಬಟ್ಟೆ ಮೈಮೇಲಿದ್ರೆ ತೊಂದರೆ ಇನ್ನೂ ಹೆಚ್ಚು.

ಗದ್ದೆ, ಕೆಂಪು ಮಣ್ಣು: ಕೆಂಪು ಮಣ್ಣಿಗೆ ಆ ಬಣ್ಣ ಬಂದಿರೋದು ಕಬ್ಬಿಣದ ಅಂಶದಿಂದ. ಅದು ತಿಳಿ ಬಟ್ಟೆಯಲ್ಲಿ ಬೇಗ ಹೋಗಲ್ಲ. ಹಸಿಯಾಗಿದ್ದಾಗ ಉಜ್ಜಿದರೆ ಇನ್ನೂ ಒಳಗೆ ಇಳಿಯುತ್ತೆ. ಒಣಗಲು ಬಿಟ್ಟು, ಕೊಡವಿ, ಆಮೇಲೆ ಒಗೆಯಿರಿ. ಇಟ್ಟಿಗೆ ಬಣ್ಣ, ಕಂದು ಬಣ್ಣದ ಬಟ್ಟೆ ಇಲ್ಲಿ ಬಾಳಿಕೆ.

ಹೋಟೆಲ್, ಅಡುಗೆ ಕೆಲಸ: ಅರಿಶಿನದ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುತ್ತೆ, ಗಾಬರಿ ಬೇಡ. ಕ್ಷಾರ ತಾಗಿದರೆ ಅರಿಶಿನದ ಗುಣವೇ ಅದು. ಚೆನ್ನಾಗಿ ಒಗೆದು ಒಂದೆರಡು ದಿನ ಒಳ್ಳೇ ಬಿಸಿಲಿಗೆ ಹಾಕಿ, ಬಹುಪಾಲು ಮಾಯ ಆಗುತ್ತೆ.

ರಾತ್ರಿ ಓಡಾಟ: ಕತ್ತಲಾದ ಮೇಲೆ ಹೆದ್ದಾರಿ ಬದಿಯಲ್ಲಿ ನಡೆಯೋರು, ಬೈಕಲ್ಲಿ ಹೋಗೋರು ಕಪ್ಪು, ಕಡು ನೀಲಿ ಬಟ್ಟೆಯಲ್ಲಿದ್ರೆ ಎದುರಿನ ಡ್ರೈವರ್‌ಗೆ ಹತ್ತಿರ ಬರೋವರೆಗೆ ಕಾಣಲ್ಲ. ಬಿಳಿ, ತಿಳಿ ಹಳದಿ ಮೇಲಂಗಿ ಒಂದು ಇಟ್ಟುಕೊಳ್ಳಿ. ಮಳೆ ಕೋಟು ತಗೊಳ್ಳುವಾಗಲೂ ಕಪ್ಪು ಬಿಟ್ಟು ಹಳದಿ ಕೇಳಿ, ಬೆಳಕಿಗೆ ಮಿನುಗೋ ಪಟ್ಟಿ ಇದ್ರೆ ಇನ್ನೂ ಒಳ್ಳೇದು. ಬಣ್ಣ ಜೀವ ಉಳಿಸೋ ಜಾಗ ಇದು.

ನಾಗರಹೊಳೆ, ಕಬಿನಿ ಕಡೆ ಸಫಾರಿ: ಕಾಡಿಗೆ ಹೋಗುವಾಗ ಮಾತ್ರ ಇದಕ್ಕೆ ಉಲ್ಟಾ. ಖಾಕಿ, ಪಾಚಿ ಹಸಿರು, ಕಂದು ಹಾಕಿ. ಕಣ್ಣಿಗೆ ಹೊಡೆಯೋ ಬಣ್ಣ ಬೇಡ.

ಬಿಸಿಲಲ್ಲಿ ನಿಂತು ದುಡಿಯೋರು: ಗಾಢ ಬಣ್ಣ ಬಿಸಿಲನ್ನು ಹೆಚ್ಚು ಹೀರುತ್ತೆ. ಬೇಸಿಗೆಗೆ ತಿಳಿ ಬಣ್ಣದ, ಸಡಿಲವಾದ ಹತ್ತಿ ಬಟ್ಟೆಗೆ ಸಮ ಯಾವುದೂ ಇಲ್ಲ.

ಜೋಡಿ ಹೊಂದಿಸೋದು: ಬೈಲಕುಪ್ಪೆ ನೋಡಿ ಕಲಿಯಿರಿ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟಿಯನ್ನರು ನೆಲೆಸಿದ್ದಾರೆ. ಅಲ್ಲಿನ ಹೆಂಗಸರ ಉಡುಪು ನೋಡಿದ್ದೀರಾ? 'ಛುಪ' ಅನ್ನೋ ಉದ್ದನೆಯ ನಿಲುವಂಗಿ ಸಾಮಾನ್ಯವಾಗಿ ಒಂದೇ ಗಾಢ ಬಣ್ಣದ್ದು. ಅದರ ಮೇಲೆ ಮದುವೆಯಾದ ಹೆಂಗಸರು 'ಪಂಗ್ದೆನ್' ಅನ್ನೋ ಪಟ್ಟೆ ಪಟ್ಟೆಯ ಮುಂಬಟ್ಟೆ ಕಟ್ಟಿಕೊಳ್ತಾರೆ. ಅದರಲ್ಲಿ ಕೆಂಪು, ಹಸಿರು, ನೀಲಿ, ಹಳದಿ ಎಲ್ಲ ಇರುತ್ತೆ. ಇಷ್ಟು ಬಣ್ಣ ಇದ್ದರೂ ಕಣ್ಣಿಗೆ ಕಿರಿಕಿರಿ ಆಗಲ್ಲ. ಯಾಕಂದ್ರೆ ಸುತ್ತ ಇರೋದು ಒಂದೇ ಸಾದಾ ಬಣ್ಣ.

ಜೋಡಿ ಹೊಂದಿಸೋ ಸೂತ್ರ ಇಷ್ಟೇ: ಒಂದು ಮಾತಾಡಲಿ, ಇನ್ನೊಂದು ಸುಮ್ಮನಿರಲಿ. ಚೆಕ್ಸ್ ಶರ್ಟಿಗೆ ಸಾದಾ ಪ್ಯಾಂಟ್. ಹೂವಿನ ಕುರ್ತಾಕ್ಕೆ ಸಾದಾ ದುಪಟ್ಟಾ. ಭಾರಿ ಅಂಚಿನ ಸೀರೆಗೆ ಸಾದಾ ರವಿಕೆ, ಸಾದಾ ಸೀರೆಗೆ ಕಸೂತಿ ರವಿಕೆ.

ನಮ್ಮ ಇಳಕಲ್ ಸೀರೆಯದೂ ಇದೇ ಜಾಣತನ. ಒಡಲು ಸಾದಾ ಅಥವಾ ಸಣ್ಣ ಚೌಕುಳಿ, ಸೆರಗಲ್ಲಿ ಕೆಂಪು ಬಿಳಿಯ ತೋಪು ತೆನಿ. ದಾಳಿಂಬೆ ಕೆಂಪು, ನವಿಲಿನ ಹಸಿರು, ಗಿಳಿ ಹಸಿರು ಅಲ್ಲಿನ ಹಳೇ ಬಣ್ಣಗಳು. ಹೊಲದಲ್ಲಿ ದುಡಿಯೋ ಹೆಂಗಸರು ಉಟ್ಟು ಬಂದ ಬಣ್ಣಗಳವು. ಕಪ್ಪು, ಗೋಧಿ ಮೈಬಣ್ಣಕ್ಕೆ ಇಂಥ ಬಣ್ಣ ಒಪ್ಪಲ್ಲ ಅನ್ನೋರು ಈ ಸೀರೆ ಉಟ್ಟವರನ್ನು ಒಮ್ಮೆ ನೋಡಲಿ.

ಗಂಡಸರಿಗೆ ಸುಲಭದ ಲೆಕ್ಕ: ಕಡು ನೀಲಿ, ಬೂದು, ಗಂಧದ ಬಣ್ಣದ ಮೂರು ಪ್ಯಾಂಟ್ ಇದ್ದರೆ ಬೀರುವಲ್ಲಿರೋ ಹೆಚ್ಚುಕಡಿಮೆ ಎಲ್ಲಾ ಶರ್ಟಿಗೂ ಜೋಡಿ ಸಿಗುತ್ತೆ. ಹೊಸ ಶರ್ಟ್ ಕೈಗೆತ್ತಿಕೊಂಡಾಗ ಮನೆಯಲ್ಲಿರೋ ಎರಡು ಪ್ಯಾಂಟಿಗಾದರೂ ಇದು ಹೊಂದುತ್ತಾ ಅಂತ ಕೇಳಿಕೊಳ್ಳಿ. ಇಲ್ಲ ಅಂದ್ರೆ ಕೆಳಗಿಡಿ.

ಬಟ್ಟೆ ಯಾವುದು ಅಂತ ತಿಳಿಯೋದು

ಒಂದೇ ಬಣ್ಣ ಹತ್ತಿಯಲ್ಲಿ ಮೃದುವಾಗಿ, ಪಾಲಿಸ್ಟರ್‌ನಲ್ಲಿ ಹೊಳಪಾಗಿ, ರೇಷ್ಮೆಯಲ್ಲಿ ಆಳವಾಗಿ ಕಾಣುತ್ತೆ. 'ಕಾಟನ್' ಅಂತ ಹೇಳಿ ಮಿಶ್ರಣ ಕೊಡೋದೂ ಇದೆ. ಅನುಮಾನ ಬಂದರೆ ಅಂಚಿನಿಂದ ನಾಲ್ಕು ಎಳೆ ಕೇಳಿ ತಗೊಂಡು ಅಂಗಡಿಯ ಹೊರಗೆ ಸುಟ್ಟು ನೋಡಿ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುತ್ತೆ. ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ.

ಬಣ್ಣ ಬಿಡುತ್ತಾ ಅಂತ ನೋಡೋಕೆ ಬಿಳಿ ಕರ್ಚೀಫ್ ಒದ್ದೆ ಮಾಡಿ ಬಟ್ಟೆಯ ಒಳಗಿನ ಮಡಿಕೆಗೆ ಉಜ್ಜಿ. ಕರ್ಚೀಫ್‌ಗೆ ಬಣ್ಣ ಹತ್ತಿದರೆ ಮೊದಲ ಮೂರು ನಾಲ್ಕು ಸಲ ಬೇರೆಯಾಗಿಯೇ ಒಗೀಬೇಕು. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅನ್ನೋದನ್ನು ನಂಬಿ ಕೂರಬೇಡಿ. ಈಗಿನ ಡೈಗಳಿಗೆ ಅದು ಸಾಕಾಗಲ್ಲ. ತಣ್ಣೀರಲ್ಲಿ ಒಗೆದು, ಒಳಗು ಹೊರಗು ಮಾಡಿ, ನೆರಳಲ್ಲಿ ಒಣಗಿಸಿ.

ಮೈಸೂರು ರೇಷ್ಮೆ ತಗೊಳ್ಳೋರು ಗಮನಿಸಿ. ಎಚ್.ಡಿ.ಕೋಟೆಯಿಂದ ಮೈಸೂರಿಗೆ ಹೋಗೋ ಮಾನಂದವಾಡಿ ರಸ್ತೆಯಲ್ಲೇ ಕೆಎಸ್‌ಐಸಿಯ ರೇಷ್ಮೆ ನೇಯ್ಗೆ ಕಾರ್ಖಾನೆ ಇದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದದ್ದು. 'ಮೈಸೂರು ಸಿಲ್ಕ್' ಹೆಸರಿಗೆ 2005ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಅದರ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತೆ. ಪ್ರತಿ ಸೀರೆಗೂ ಸಂಕೇತ ಸಂಖ್ಯೆ, ಹಾಲೋಗ್ರಾಮ್ ಇರುತ್ತೆ, ಅದನ್ನು ನೋಡಿ. 'ಮೈಸೂರು ಸಿಲ್ಕ್ ಥರಾನೇ ಇದೆ' ಅಂದ್ರೆ ಅದು ಮೈಸೂರು ಸಿಲ್ಕ್ ಅಲ್ಲ ಅಂತಲೇ ಅರ್ಥ. ಬೇರೆ ರೇಷ್ಮೆ ಸೀರೆಗಳಲ್ಲಿ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಶುರು ಮಾಡಿದ 'ಸಿಲ್ಕ್ ಮಾರ್ಕ್' ಲೇಬಲ್ ಇದೆಯಾ ನೋಡಿ. ಮೈಸೂರು ಕ್ರೇಪ್ ಸಾದಾ, ಹಗುರ. ಮೈಗೆ ಅಂಟಿಕೊಂಡು ಇಳಿಯುತ್ತೆ. ಉಬ್ಬಿಕೊಂಡು ನಿಲ್ಲೋ ಸೀರೆ ಬೇಡ ಅನ್ನೋರಿಗೆ ಅದು ಒಪ್ಪುತ್ತೆ.

ಚಳಿಗೆ ಸ್ವೆಟರ್ ಮಾತ್ರ ಅಲ್ಲ, ಕಂಬಳಿಯನ್ನೂ ಮರೀಬೇಡಿ. 19ನೇ ಶತಮಾನದಲ್ಲಿ ಹುಣಸೂರಲ್ಲೇ ಸೇನೆಗಾಗಿ ಕಂಬಳಿ ಕಾರ್ಖಾನೆ, ಚರ್ಮ ಹದ ಮಾಡೋ ಕಾರ್ಖಾನೆ ನಡೀತಿದ್ದವು. ಕುರಿಯ ಸ್ವಂತ ಕಪ್ಪಿನಿಂದಲೇ ನೇಯ್ದ ಕರಿ ಕಂಬಳಿಗೆ ಡೈ ಬೇಡ, ಬಣ್ಣ ಹೋಗೋ ಚಿಂತೆಯೂ ಇಲ್ಲ.

ಅಳತೆ ತಪ್ಪಿದ್ರೆ ಬಣ್ಣ ಏನು ಮಾಡೀತು?

ಬಣ್ಣ ಎಷ್ಟೇ ಒಪ್ಪಿದರೂ ಭುಜದ ಹೊಲಿಗೆ ತೋಳಿನ ಮೇಲೆ ಜಾರಿ ಕೂತರೆ ಶರ್ಟು ಸಾಲ ತಂದ ಹಾಗೆ ಕಾಣುತ್ತೆ. ರೆಡಿಮೇಡ್ ತಗೊಳ್ಳುವಾಗ ಮೊದಲು ಭುಜ ನೋಡಿ. ಸೊಂಟ, ಉದ್ದವನ್ನು ಟೈಲರ್ ಹತ್ರ ಸರಿ ಮಾಡಿಸಬಹುದು. ಭುಜ ಸರಿ ಮಾಡಿಸೋದು ಕಷ್ಟ, ಖರ್ಚು ಬೇರೆ. ಹಾಕಿ ನೋಡಿದಾಗ ಸುಮ್ಮನೆ ನಿಲ್ಲಬೇಡಿ, ಕೂತು ನೋಡಿ, ಕೈ ಎತ್ತಿ ನೋಡಿ.

ಹೊಲಿಸೋದಾದ್ರೆ ಹತ್ತಿ ಬಟ್ಟೆಯನ್ನೂ ರವಿಕೆಯ ಲೈನಿಂಗನ್ನೂ ಮೊದಲು ನೀರಲ್ಲಿ ನೆನೆಸಿ ಒಣಗಿಸಿ ಕೊಡಿ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಮೀಟರಿಗೆ 3ರಿಂದ 5 ಸೆಂಟಿಮೀಟರ್ ಕುಗ್ಗಬಹುದು. ನೆನೆಸದೆ ಹೊಲಿಸಿದ ಲೈನಿಂಗ್ ಒಳಗೇ ಸುಕ್ಕಾಗಿ ರವಿಕೆ ಕೆಡುತ್ತೆ. ಸೀರೆ ತಗೊಂಡಾಗ ಉದ್ದ ಅಳೆಸಿ. ಸಾಮಾನ್ಯವಾಗಿ ಒಡಲು, ಸೆರಗು ಸೇರಿ 5.5 ಮೀಟರ್, ರವಿಕೆ ಕಣ 0.8 ಮೀಟರ್, ಒಟ್ಟು 6.3 ಮೀಟರ್. ಬೆಳೆಯೋ ಮಕ್ಕಳ ಬಟ್ಟೆಗೆ ಒಳಗೆ ಮಡಿಕೆ ಜಾಸ್ತಿ ಬಿಡಿ ಅಂತ ಟೈಲರ್‌ಗೆ ಹೇಳಿ, ಇನ್ನೊಂದು ವರ್ಷ ಬರುತ್ತೆ.

ದುಡ್ಡಿನ ಲೆಕ್ಕ

ಬೆಲೆಯನ್ನು ಚೀಟಿಯಲ್ಲಿ ನೋಡಬೇಡಿ, ಎಷ್ಟು ಸಲ ಹಾಕ್ತೀರಿ ಅಂತ ಭಾಗಿಸಿ ನೋಡಿ. 4,000 ರೂ. ಸೀರೆಯನ್ನು ವರ್ಷಕ್ಕೆ ಎರಡು ಸಲದಂತೆ ನಾಲ್ಕು ವರ್ಷ ಉಟ್ಟರೆ ಒಂದು ಸಲಕ್ಕೆ 500 ರೂ. ಬಿತ್ತು. 600 ರೂ. ಹತ್ತಿ ಶರ್ಟನ್ನು ವಾರಕ್ಕೊಮ್ಮೆ ಎರಡು ವರ್ಷ ಹಾಕಿದರೆ ಒಂದು ಸಲಕ್ಕೆ 6 ರೂಪಾಯಿಯೂ ಇಲ್ಲ. ಹಬ್ಬದ ಸೀರೆ ಬೇಡ ಅಂತಲ್ಲ. ಸೀರೆಗೆ ಎರಡು ಗಂಟೆ ಹುಡುಕಿ ದಿನಬಳಕೆಯ ಬಟ್ಟೆಗೆ ಎರಡು ನಿಮಿಷ ಕೊಡೋದು ತಲೆಕೆಳಗಾದ ಲೆಕ್ಕ.

ಆಷಾಢದಲ್ಲಿ ಮದುವೆ ಇರಲ್ಲ, ವ್ಯಾಪಾರ ತಣ್ಣಗಿರುತ್ತೆ, ರಿಯಾಯಿತಿ ಸಿಗುತ್ತೆ. ಮುಂದಿನ ಮದುವೆಗೆ ಬೇಕಾದ್ದನ್ನು ಆಗಲೇ ತಗೊಂಡ್ರೆ ಲಾಭ. ಅವಸರ ಇಲ್ಲದ್ದರಿಂದ ಬಣ್ಣ ನಿಧಾನವಾಗಿ ನೋಡಬಹುದು ಕೂಡ. ಬೆಳೆ ದುಡ್ಡು ಬಂದ ವಾರವೇ ಎಲ್ಲರೂ ಮುಗಿಬೀಳುವಾಗ ಚೌಕಾಸಿಗೂ ಜಾಗ ಇರಲ್ಲ.

ತೆರಿಗೆ ವಿಷಯ: 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿನ ಬೆಲೆ 2,500 ರೂ.ವರೆಗೆ ಇದ್ದರೆ ಜಿಎಸ್‌ಟಿ ಶೇ 5, ಅದಕ್ಕೆ ಮೇಲಾದರೆ ಶೇ 18. ಇದು ಒಂದೊಂದು ಉಡುಪಿಗೆ ಲೆಕ್ಕ, ಒಟ್ಟು ಬಿಲ್ಲಿಗಲ್ಲ. ಸಾಮಾನ್ಯ ನೇಯ್ಗೆ ಸೀರೆ ಹೊಲಿಯದ ಬಟ್ಟೆಯ ಲೆಕ್ಕಕ್ಕೆ ಬರೋದ್ರಿಂದ ಬೆಲೆ ಹೆಚ್ಚಿದ್ದರೂ ಶೇ 5. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತೆ, ಅದರ ಮೇಲೆ ಮತ್ತೆ ಹಾಕೋ ಹಾಗಿಲ್ಲ.

'ಮಾರಿದ ಮಾಲು ವಾಪಸ್ ಇಲ್ಲ' ಅಂತ ಬರೆದಿದ್ರೆ?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರೋ ಮಾಲನ್ನು ಬಿಲ್ಲಿನಲ್ಲಿ ಬರೆದಿರೋ ಅವಧಿಯೊಳಗೆ ವಾಪಸ್ ತಗೊಳ್ಳದೇ ಇರೋದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಬರೆದಿಲ್ಲ ಅಂದ್ರೆ 30 ದಿನ. ಬಿಲ್ ಕೊಡದೇ ಇರೋದೂ ಅನುಚಿತ ಪದ್ಧತಿಯೇ. ಹರಿದಿದ್ದು, ನೇಯ್ಗೆ ಬಿಟ್ಟಿದ್ದು, ರೇಷ್ಮೆ ಅಂತ ಹೇಳಿ ಪಾಲಿಸ್ಟರ್ ಕೊಟ್ಟಿದ್ದು ಇಂಥವಕ್ಕೆಲ್ಲ ನೀವು ಕೇಳಬಹುದು. ಆದರೆ "ಮನೆಗೆ ಹೋದ್ಮೇಲೆ ಬಣ್ಣ ಇಷ್ಟ ಆಗಲಿಲ್ಲ" ಅನ್ನೋದು ದೋಷ ಅಲ್ಲ. ಅಲ್ಲಿ ಬದಲಿಸಿಕೊಡೋದು ಅಂಗಡಿಯವರ ಒಳ್ಳೇತನ ಮಾತ್ರ. ಬಣ್ಣವನ್ನು ಮೊದಲೇ ಬೆಳಕಿಗೆ ಹಿಡಿದು ನೋಡಿ ಅಂತ ಇಷ್ಟು ಒತ್ತಿ ಹೇಳೋದು ಇದಕ್ಕೇ.

ಬಿಲ್ ಇಟ್ಟುಕೊಳ್ಳಿ. ಮಾತಲ್ಲಿ ಬಗೆಹರಿಯದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದಕ್ಕೂ ಮೀರಿದ್ರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷ ರೂ.ವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕ ಇಲ್ಲ.

ಅಂಗಡಿಯವರಿಗೆ ನಾಲ್ಕು ಮಾತು

ಆನ್‌ಲೈನಲ್ಲಿ ಬಟ್ಟೆ ತರಿಸೋರು ನಮ್ಮ ಹಳ್ಳಿಗಳಲ್ಲೂ ಹೆಚ್ಚಾಗಿದ್ದಾರೆ. ಮೊಬೈಲ್ ಪರದೆಯಲ್ಲಿ ಮುಟ್ಟಿ ನೋಡೋಕಾಗಲ್ಲ, ಹಗಲ ಬೆಳಕಿಗೆ ಹಿಡಿಯೋಕಾಗಲ್ಲ. ಊರಿನ ಅಂಗಡಿಯ ಬಲ ಇರೋದು ಅಲ್ಲೇ. ಅದನ್ನು ಬಳಸಿಕೊಳ್ಳಿ.

- ಒಂದು ನಿಲುಗನ್ನಡಿಯನ್ನು ಬಾಗಿಲ ಹತ್ತಿರ, ಹಗಲ ಬೆಳಕು ಬೀಳೋ ಕಡೆ ಇಡಿ.
- ಬಲ್ಬ್ ತರುವಾಗ ಡಬ್ಬಿಯ ಮೇಲೆ ಸಿಆರ್‌ಐ ಎಷ್ಟಿದೆ ನೋಡಿ. 90 ಅಥವಾ ಮೇಲಿದ್ದರೆ ಬಣ್ಣ ಸಹಜಕ್ಕೆ ಹತ್ತಿರ ಕಾಣುತ್ತೆ. ವಾಪಸ್ ಬರೋ ಮಾಲೂ ಕಡಿಮೆಯಾಗುತ್ತೆ.
- 'ಎಷ್ಟು ದಿನದೊಳಗೆ, ಯಾವ ಸ್ಥಿತಿಯಲ್ಲಿ ಬದಲಿಸಿ ಕೊಡ್ತೀವಿ' ಅಂತ ಬಿಲ್ಲಿನಲ್ಲೇ ಕನ್ನಡದಲ್ಲಿ ಅಚ್ಚು ಹಾಕಿಸಿ. ಜಗಳ ಅಲ್ಲೇ ಅರ್ಧ ನಿಲ್ಲುತ್ತೆ.
- ಕೌಂಟರ್ ಹುಡುಗ, ಹುಡುಗಿಯರಿಗೆ ಒಂದು ಮಾತು ಹೇಳಿಕೊಡಿ: ಗಿರಾಕಿಯ ಮೈಬಣ್ಣದ ಬಗ್ಗೆ ಮಾತಾಡಬಾರದು. ಕೇಳಿದ ಬಣ್ಣ ತೋರಿಸಿ, ಅದರ ಪಕ್ಕ ಇನ್ನೆರಡು ಶೇಡ್ ಇಡಿ. ಆರಿಸೋದು ಅವರ ಕೆಲಸ.

ಕೊನೆಯ ಮಾತು ಬರೀ ಮರ್ಯಾದೆಯ ವಿಷಯ ಅಲ್ಲ, ವ್ಯಾಪಾರದ್ದೂ ಹೌದು. ಮುಖ ಸಣ್ಣ ಮಾಡಿಕೊಂಡು ಹೋದ ಗಿರಾಕಿ ಮತ್ತೆ ಆ ಮೆಟ್ಟಿಲು ಹತ್ತಲ್ಲ.

ಅಂಗಡಿಗೆ ಹೊರಡೋ ಮುಂಚೆ

- ಬೀರು ತೆಗೆದು ನೋಡಿ. ಹೆಚ್ಚು ಸಲ ಹಾಕಿದ ಮೂರು ಬಟ್ಟೆ ಯಾವುವು? ಅವುಗಳ ಬಣ್ಣ, ಬಟ್ಟೆ, ಅಳತೆಯೇ ನಿಮ್ಮ ಸ್ಟೈಲ್.
- ಏನು ಬೇಕು ಅಂತ ಚೀಟಿ ಬರೆಯಿರಿ: ದಿನಬಳಕೆಗೆ ಎಷ್ಟು, ಹಬ್ಬಕ್ಕೆ ಎಷ್ಟು, ದುಡ್ಡೆಷ್ಟು.
- ಬೆಳಿಗ್ಗೆ ಹೋಗಿ. ಹಗಲ ಬೆಳಕು ಇರುತ್ತೆ, ರಶ್ ಇರಲ್ಲ.
- ಮ್ಯಾಚಿಂಗ್ ಬೇಕಾದ ಬಟ್ಟೆ ಜೊತೆಗೆ ತಗೊಂಡು ಹೋಗಿ. ಒಂದು ಬಿಳಿ ಕರ್ಚೀಫ್ ಇಟ್ಟುಕೊಳ್ಳಿ.
- ಬಟ್ಟೆಯನ್ನು ಬಾಗಿಲಾಚೆ ತನ್ನಿ, ಗದ್ದದ ಕೆಳಗೆ ಹಿಡಿಯಿರಿ, ಮುಖ ನೋಡಿ.
- ಭುಜ ಸರಿ ಇದೆಯಾ? ಮನೆಯಲ್ಲಿರೋ ಎರಡು ಬಟ್ಟೆಗೆ ಹೊಂದುತ್ತಾ? ಬಿಲ್ ತಗೊಂಡ್ರಾ?

ಅಕ್ಕ, ತಂಗಿ, ಮಗಳು ಯಾರಾದ್ರೂ ಅರಿಶಿನ ಬಣ್ಣದ ಸೀರೆ ಕೈಗೆತ್ತಿಕೊಂಡು ಅನುಮಾನದಿಂದ ನಿಮ್ಮ ಮುಖ ನೋಡಿದ್ರೆ "ನಿಂಗ್ಯಾಕೆ ಅದು" ಅನ್ನಬೇಡಿ. "ಬಾ, ಹೊರಗೆ ಬೆಳಕಲ್ಲಿ ನೋಡೋಣ" ಅನ್ನಿ.